ಹೃದಯದ ಹೊದಿಕೆ ಮತ್ತು ನಮ್ಮ ಮೌನ

ಕೆಲವು ವರ್ಷಗಳ ಹಿಂದಿನ ಮಾತು. ಮಗ್ರಿಬ್ ನಮಾಝಿನ ಬಳಿಕ ಮಕ್ಕಳ ಪಾಠ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದೆ. ನಮ್ಮ ಗುತ್ತಲದ ಸಮೀಪದ ಹಳ್ಳಿಯ ಓರ್ವ ತಂದೆ ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು. "ಮೌಲಾನಾ, ಹುಡುಗಗ ಯಾರದೋ ನಜರ್ ಆಗೇತ್ರಿ. ರಾತ್ರಿ ಮಲಗಾಕ ಆಗವಲ್ದು, ದಿಂಬು ಅಪ್ಪಿಕೊಂಡು ಮುಂದಕ್ಕ ಬಾಗಿ ಕುಂದರ್ತಾನ. ಕಾಲು ಬಾತಾವ. ಇದಕ್ಕ ದಮ್ ಮಾಡಿ ಕೊಡ್ರಿ" ಎಂದರು. ನಾನು ಓದಿ ಊದಿ ಕೊಟ್ಟೆ. ಜೊತೆಗೆ, ನಾಳೆಯವರೆಗೆ ಕಾಯದೆ ಈ ರಾತ್ರಿಯೇ ದವಾಖಾನೆಗೆ ಕರೆದೊಯ್ಯಿರಿ ಎಂದೂ ಹೇಳಿದೆ.

ಹಾವೇರಿಯಿಂದ ಹುಬ್ಬಳ್ಳಿಗೆ ಹೋದಾಗ ವಿಷಯ ತಿಳಿಯಿತು. ಹುಡುಗನ ಹೃದಯದ ಸುತ್ತ ನೀರು ತುಂಬಿಕೊಂಡಿತ್ತು. ವೈದ್ಯರು ಸೂಜಿಯ ಮೂಲಕ ಅದನ್ನು ತೆಗೆದರು. ಬಳಿಕ ಅವರು ಕೇಳಿದ ಮೊದಲ ಪ್ರಶ್ನೆ: "ಈ ಹಿಂದೆ ಟಿಬಿ ಆಗಿತ್ತೇ?" ತಂದೆ ತಲೆ ತಗ್ಗಿಸಿದರು. ಆಗಿತ್ತು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಕೆಮ್ಮು ನಿಂತಿತ್ತು, ಮೈಗೆ ತುಸು ಬಲ ಬಂದಿತ್ತು. ಅದೇ ಸಮಯಕ್ಕೆ ಹುಡುಗನ ಅಕ್ಕನ ನಿಕಾಹ್ ಮಾತುಕತೆ ನಡೆದಿತ್ತು. ಬೀಗರಾಗುವವರು ಮನೆಗೆ ಬಂದಾಗ ಕಪಾಟಿನ ಮೇಲೆ ಟಿಬಿ ಮಾತ್ರೆ ಕಂಡರೆ ಹೇಗೆ? ಮಾತ್ರೆ ನಿಂತಿತು, ಮಾತೂ ನಿಂತಿತು.

ಅಲ್ಲಾಹನ ಕೃಪೆಯಿಂದ ಆ ಹುಡುಗ ಉಳಿದ. ಆದರೆ ಆ ತಂದೆ ಕೇಳಿದ ಒಂದು ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿತು: "ಟಿಬಿ ಅಂದ್ರ ಕೆಮ್ಮು ಅಲ್ಲೇನ್ರಿ? ಹೃದಯಕ್ಕ ಹೆಂಗ ಹೋತು?" ಅದಕ್ಕೆ ಉತ್ತರ ಹುಡುಕುತ್ತ ಹೊರಟಾಗ ದೊರೆತ ಇತಿಹಾಸವನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಹೊದಿಕೆ ಎಂದರೇನು?

ಅಲ್ಲಾಹನು ನಮ್ಮ ಹೃದಯವನ್ನು ಬರಿದಾಗಿ ಇಟ್ಟಿಲ್ಲ. ಅದನ್ನು ಎರಡು ಪದರಗಳ ಒಂದು ತೆಳು ಚೀಲದೊಳಗೆ ಇರಿಸಿದ್ದಾನೆ. ಇದನ್ನು ಹೃದಯಾವರಣ ಎನ್ನುತ್ತಾರೆ. ಹೃದಯ ಪ್ರತಿ ಬಾರಿ ಹಿಗ್ಗಿ ಕುಗ್ಗುವಾಗ ತಿಕ್ಕಾಟವಾಗದಂತೆ ಆ ಪದರಗಳ ನಡುವೆ ಕೆಲವೇ ಚಮಚದಷ್ಟು ದ್ರವ ಇರುತ್ತದೆ. ಈ ಹೊದಿಕೆಗೆ ಉರಿಯೂತ ತಗುಲಿದಾಗ ಅದನ್ನು ವೈದ್ಯರು ಪೆರಿಕಾರ್ಡೈಟಿಸ್ ಎಂದು ಕರೆಯುತ್ತಾರೆ. ಎದೆಯ ನಡುವೆ ಚುಚ್ಚಿದಂಥ ನೋವು ಬರುತ್ತದೆ. ಅಂಗಾತ ಮಲಗಿದರೆ ನೋವು ಹೆಚ್ಚುತ್ತದೆ, ಎದ್ದು ಮುಂದಕ್ಕೆ ಬಾಗಿ ಕುಳಿತರೆ ತಗ್ಗುತ್ತದೆ. ಆ ಹುಡುಗ ದಿಂಬು ಅಪ್ಪಿ ಕೂರುತ್ತಿದ್ದುದು ಇದೇ ಕಾರಣಕ್ಕೆ.

ಕೆಲವೊಮ್ಮೆ ಹೊದಿಕೆಯೊಳಗೆ ದ್ರವ ತುಂಬುತ್ತದೆ. ನಿಧಾನವಾಗಿ ತುಂಬಿದರೆ ಹೊದಿಕೆ ಹಿಗ್ಗುತ್ತ ಒಂದು ಲೀಟರಿನವರೆಗೂ ತಾಳಿಕೊಳ್ಳಬಹುದು. ದಿಢೀರನೆ ತುಂಬಿದರೆ ಒಂದು ಲೋಟದಷ್ಟು ದ್ರವವೇ ಪ್ರಾಣಕ್ಕೆ ಕುತ್ತು. ಏಕೆಂದರೆ ಹೊರಗಿನ ಒತ್ತಡಕ್ಕೆ ಸಿಲುಕಿದ ಹೃದಯಕ್ಕೆ ಹಿಗ್ಗಿ ರಕ್ತ ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಕುತ್ತಿಗೆಯ ನರಗಳು ಉಬ್ಬುತ್ತವೆ, ಉಸಿರು ಕಟ್ಟುತ್ತದೆ, ಕಾಲು ಹೊಟ್ಟೆ ಬಾತುಕೊಳ್ಳುತ್ತವೆ. ಚಿಕಿತ್ಸೆಯಾಗದೆ ಉಳಿದ ಕೆಲವರಲ್ಲಿ ದ್ರವ ಬತ್ತಿ, ಹೊದಿಕೆ ದಪ್ಪಗಟ್ಟಿ, ಒಣಗಿದ ಚರ್ಮದಂತೆ ಬಿಗಿದು ಹೃದಯವನ್ನು ಹಿಂಡುತ್ತದೆ. ಆಗ ಎದೆ ತೆರೆದು ಆ ಹೊದಿಕೆಯನ್ನೇ ಬಿಡಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಸೆವಿಲ್ಲಾದ ವೈದ್ಯ, ಮರ್ರಾಕುಶ್‌ನ ಕೈದಿ

ಈ ರೋಗದ ಚರಿತ್ರೆಯಲ್ಲಿ ನಾವು ಹೆಮ್ಮೆಪಡಬಹುದಾದ, ಆದರೆ ಬಹುಪಾಲು ಮರೆತಿರುವ ಒಂದು ಹೆಸರಿದೆ. ನಮ್ಮ ಗುತ್ತಲವು ಗುತ್ತವೊಳಲು ಎಂಬ ಹೆಸರಿನಲ್ಲಿ ಗುತ್ತ ಅರಸರ ರಾಜಧಾನಿಯಾಗಿದ್ದ 12ನೇ ಶತಮಾನದಲ್ಲೇ, ದೂರದ ಅಂದಲೂಸಿಯಾದ ಇಶ್ಬೀಲಿಯಾ, ಅಂದರೆ ಇಂದಿನ ಸೆವಿಲ್ಲಾ ನಗರದಲ್ಲಿ ಅಬೂ ಮರ್ವಾನ್ ಅಬ್ದುಲ್ ಮಲಿಕ್ ಇಬ್ನ್ ಝುಹ್ರ್ ಎಂಬ ವೈದ್ಯರಿದ್ದರು. ತಲೆಮಾರುಗಳಿಂದ ವೈದ್ಯವೃತ್ತಿ ನಡೆಸಿದ ಮನೆತನ ಅವರದು. ಅವರ ಮಗ ಮಾತ್ರವಲ್ಲ, ಮಗಳು ಮತ್ತು ಮೊಮ್ಮಗಳು ಕೂಡ ವೈದ್ಯೆಯರಾಗಿ ಹೆಸರಾದರು. ಹೆಣ್ಣುಮಕ್ಕಳ ವಿದ್ಯೆಯ ಕುರಿತು ಇಂದಿಗೂ ತರ್ಕಿಸುವವರು ಇದನ್ನು ಗಮನಿಸಬೇಕು.

ಅಲ್ಮುರಾಬಿತ್ ದೊರೆ ಅಲಿ ಇಬ್ನ್ ಯೂಸುಫ್‌ನ ಅವಕೃಪೆಗೆ ಗುರಿಯಾದ ಇಬ್ನ್ ಝುಹ್ರ್ 1140ರ ಸುಮಾರಿಗೆ ಆಫ್ರಿಕಾದ ಮರ್ರಾಕುಶ್ ನಗರದಲ್ಲಿ ಸೆರೆವಾಸ ಅನುಭವಿಸಿದರು. 1147ರಲ್ಲಿ ಅಲ್ಮುವಹ್ಹಿದರ ಆಳ್ವಿಕೆ ಬಂದ ಮೇಲೆ ಅವರಿಗೆ ಮತ್ತೆ ಗೌರವದ ಸ್ಥಾನ ದೊರೆಯಿತು. ಗೆಳೆಯರಾದ ತತ್ವಜ್ಞಾನಿ ಇಬ್ನ್ ರುಶ್ದ್‌ರ ಕೋರಿಕೆಯ ಮೇರೆಗೆ ಅವರು ಬರೆದ ಅತ್ತಯ್ಸೀರ್ ಎಂಬ ಗ್ರಂಥ ಲ್ಯಾಟಿನ್‌ಗೆ ಅನುವಾದಗೊಂಡು, 1490ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಗಿ, ಯುರೋಪಿನ ವೈದ್ಯರ ಕೈಸೇರಿತು. ಇಬ್ನ್ ಝುಹ್ರ್ 1162ರಲ್ಲಿ ತಮ್ಮ ಹುಟ್ಟೂರಲ್ಲೇ ನಿಧನರಾದರು.

ಹೃದಯದ ಹೊದಿಕೆಯೊಳಗೆ ನೀರಿನಂಥ ದ್ರವ ಸೇರಿಕೊಳ್ಳುವುದನ್ನೂ, ಹೊದಿಕೆಯ ಮೇಲೆ ಪದರ ಪದರವಾಗಿ ವಸ್ತು ಕಟ್ಟಿಕೊಳ್ಳುವುದನ್ನೂ ಅವರು ಬೇರೆಬೇರೆಯಾಗಿ ವರ್ಣಿಸಿದ್ದಾರೆ. ಅವರಿಗಿಂತ ಸಾವಿರ ವರ್ಷ ಹಿಂದೆ ಗ್ರೀಕ್ ವೈದ್ಯ ಗ್ಯಾಲೆನ್ ಪ್ರಾಣಿಗಳ ಹೃದಯದ ಸುತ್ತ ದ್ರವವನ್ನು ಕಂಡಿದ್ದನು. ಮನುಷ್ಯರ ರೋಗವಾಗಿ ಇದನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಮೊದಲಿಗರಲ್ಲಿ ಇಬ್ನ್ ಝುಹ್ರ್ ಒಬ್ಬರು. ಎದೆಯೊಳಗೆ ಕೀವುಗಟ್ಟುವ ಇನ್ನೊಂದು ಕಾಯಿಲೆಯನ್ನಂತೂ ಅವರು ತಮ್ಮದೇ ದೇಹದ ಅನುಭವದಿಂದ ಬರೆದರು. ತನ್ನ ಕಾಯಿಲೆಯನ್ನು ಬಚ್ಚಿಡದೆ ಲೋಕದ ಪ್ರಯೋಜನಕ್ಕಾಗಿ ಬರೆದಿಟ್ಟ ಆ ವಿದ್ವಾಂಸರಿಗೂ, ಮಾತ್ರೆಯನ್ನು ಕಪಾಟಿನ ಹಿಂದೆ ತಳ್ಳುವ ನಮಗೂ ಎಷ್ಟು ಅಂತರ!

ಆದರೆ ಇಬ್ನ್ ಝುಹ್ರ್‌ರಿಗೂ ಈ ರೋಗದ ಮೂಲ ಕಾಣಿಸುವಂತಿರಲಿಲ್ಲ. ಅವರಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಇಬ್ನ್ ಸೀನಾ ತಮ್ಮ ಅಲ್‌ಕಾನೂನ್ ಗ್ರಂಥದಲ್ಲಿ ಕ್ಷಯವು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಎಂದು ಹೇಳಿದ್ದರು. ಅದನ್ನು ತರುವ ಜೀವಿಯನ್ನು ಕಾಣಲು ಸೂಕ್ಷ್ಮದರ್ಶಕ ಬೇಕಾಯಿತು. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಆ ಬಳಿಕವೇ ಆ ತಂದೆಯ ಪ್ರಶ್ನೆಗೆ ಉತ್ತರ ಸಾಧ್ಯವಾಯಿತು. ಕ್ಷಯದ ರೋಗಾಣು ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಎದೆಯೊಳಗೆ, ಶ್ವಾಸನಾಳದ ಸುತ್ತ ಇರುವ ಗಂಟುಗಳಲ್ಲಿ ಅದು ಮನೆ ಮಾಡುತ್ತದೆ. ಆ ಗಂಟುಗಳಿಗೆ ಹೃದಯದ ಹೊದಿಕೆ ತೀರ ಹತ್ತಿರದ ನೆರೆಮನೆ. ಗಂಟಿನಿಂದಲೋ ರಕ್ತದ ಮೂಲಕವೋ ರೋಗಾಣು ಅಲ್ಲಿಗೆ ದಾಟಿಬಿಡುತ್ತದೆ.

ಆಫ್ರಿಕಾದ ಆಸ್ಪತ್ರೆಗಳು ಕಲಿಸಿದ್ದು

ಈ ನಂಟನ್ನು ನಮ್ಮ ಕಾಲದಲ್ಲಿ ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಅಭ್ಯಸಿಸಿದವರು ಆಫ್ರಿಕಾದ ವೈದ್ಯರು. ಪಶ್ಚಿಮ ಯುರೋಪಿನಲ್ಲಿ ಹೊದಿಕೆಯ ಉರಿಯೂತಕ್ಕೆ ಕಾರಣ ಕೇಳಿದರೆ ಸಾಮಾನ್ಯವಾಗಿ ವೈರಸ್ ಎನ್ನುತ್ತಾರೆ, ಅಥವಾ ಕಾರಣ ಗೊತ್ತಾಗಲಿಲ್ಲ ಎನ್ನುತ್ತಾರೆ. ಅಲ್ಲಿ ಕ್ಷಯದ ಪಾಲು ತೀರ ಸಣ್ಣದು. ಆಫ್ರಿಕಾದಲ್ಲಿ ಚಿತ್ರವೇ ಬೇರೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಬಳಿಯ ಟೈಗರ್‌ಬರ್ಗ್ ಆಸ್ಪತ್ರೆಯ ವೈದ್ಯರು ಹೃದಯದ ಸುತ್ತ ಹೆಚ್ಚು ದ್ರವ ತುಂಬಿದ್ದ 233 ರೋಗಿಗಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 162 ಮಂದಿಗೆ, ಅಂದರೆ ನೂರಕ್ಕೆ ಸುಮಾರು 70 ಮಂದಿಗೆ, ಕ್ಷಯವೇ ಕಾರಣವಾಗಿತ್ತು. ಕ್ಯಾನ್ಸರ್, ಮೂತ್ರಪಿಂಡದ ವೈಫಲ್ಯ, ಕೀವುಗಟ್ಟುವ ಸೋಂಕು ಇತ್ಯಾದಿಗಳೆಲ್ಲ ಉಳಿದ ಪಾಲನ್ನು ಹಂಚಿಕೊಂಡವು. ಎಚ್‌ಐವಿ ಹರಡಿದ ಮೇಲೆ ಕ್ಷಯದ ಪಾಲು ಇನ್ನಷ್ಟು ಬೆಳೆಯಿತು. ದೇಹದ ಕಾವಲು ಕುಸಿದಾಗ, ಒಳಗೆ ನಿದ್ರಿಸುತ್ತಿದ್ದ ಕ್ಷಯ ಎಚ್ಚೆತ್ತು ಹೊರಬೀಳುತ್ತದೆ.

ಈ ಅಧ್ಯಯನಗಳಲ್ಲಿ ಎದ್ದು ಕಾಣುವ ಹೆಸರು ಬೊಂಗಾನಿ ಮಯೋಸಿ ಅವರದು. 1967ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ಕೈ ಸೀಮೆಯಲ್ಲಿ ಹುಟ್ಟಿದ ಅವರು ಮುಂದೆ ಕೇಪ್ ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯ ವೈದ್ಯಕೀಯ ವಿಭಾಗದ ಮುಖ್ಯಸ್ಥರಾದರು. ಅವರು ಹುಟ್ಟಿದ ವರ್ಷವೇ, ಅದೇ ಆಸ್ಪತ್ರೆಯಲ್ಲಿ, ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡುವ ಜಗತ್ತಿನ ಮೊದಲ ಶಸ್ತ್ರಚಿಕಿತ್ಸೆ ನಡೆದಿತ್ತು. ಆದರೆ ಮಯೋಸಿ ಅವರ ಗಮನ ಬಡವರ ಹೃದಯರೋಗಗಳ ಕಡೆಗಿತ್ತು. ಅವರೂ ಸಂಗಡಿಗರೂ ಕ್ಯಾಮರೂನ್, ನೈಜೀರಿಯಾ ಮತ್ತು ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಹೃದಯದ ಹೊದಿಕೆಗೆ ಕ್ಷಯ ತಗುಲಿದ 185 ರೋಗಿಗಳ ಜಾಡು ಹಿಡಿದರು. ಆರು ತಿಂಗಳೊಳಗೆ ಅವರಲ್ಲಿ ನೂರಕ್ಕೆ 26 ಮಂದಿ ತೀರಿಕೊಂಡಿದ್ದರು. ಕ್ಷಯಕ್ಕೆ ಮದ್ದಿರುವ ಕಾಲದಲ್ಲಿ ನಾಲ್ವರಲ್ಲಿ ಒಬ್ಬರ ಸಾವು!

ಹಾಗಾದರೆ ಕ್ಷಯದ ಮದ್ದಿನ ಜೊತೆಗೆ ಬೇರೇನು ಕೊಟ್ಟರೆ ಜೀವ ಉಳಿಯಬಹುದು? ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆಯಿಂದ ಲಾಭವಿದೆಯೆಂದು 1980ರ ದಶಕದಲ್ಲಿ ಟ್ರಾನ್ಸ್‌ಕೈಯಲ್ಲಿ ನಡೆದ ಪ್ರಯೋಗಗಳು ಸೂಚಿಸಿದ್ದವು. ಅದನ್ನು ಖಚಿತಪಡಿಸಿಕೊಳ್ಳಲು ಮಯೋಸಿ ಅವರ ತಂಡ ಆಫ್ರಿಕಾದ 8 ದೇಶಗಳ 19 ಆಸ್ಪತ್ರೆಗಳಲ್ಲಿ 1400 ರೋಗಿಗಳ ಮೇಲೆ ದೊಡ್ಡ ಪ್ರಯೋಗ ನಡೆಸಿತು. ಇಲ್ಲೊಂದು ಭಾರತದ ನಂಟೂ ಇದೆ. ಸ್ಟೀರಾಯ್ಡ್ ಜೊತೆಗೆ ಅವರು ಪರೀಕ್ಷಿಸಿದ ಇನ್ನೊಂದು ಚುಚ್ಚುಮದ್ದು ನಮ್ಮ ದೇಶದಲ್ಲೇ, ಡಾ. ಪ್ರಾಣ್ ತಲ್ವಾರ್ ಅವರ ಸಂಶೋಧನೆಯಿಂದ, ಮೂಲತಃ ಕುಷ್ಠರೋಗಕ್ಕಾಗಿ ರೂಪುಗೊಂಡದ್ದು. ಅದನ್ನು ತಯಾರಿಸುವ ನಿರುಪದ್ರವಿ ರೋಗಾಣುವಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

2014ರಲ್ಲಿ ಫಲಿತಾಂಶ ಬಂದಾಗ ಎರಡರಿಂದಲೂ ಸಾವು ಗಮನಾರ್ಹವಾಗಿ ತಗ್ಗಿರಲಿಲ್ಲ. ಸ್ಟೀರಾಯ್ಡ್ ಪಡೆದವರಲ್ಲಿ ಹೊದಿಕೆ ಬಿಗಿದುಕೊಳ್ಳುವ ತೊಂದರೆ ನೂರಕ್ಕೆ 8ರಷ್ಟಿದ್ದುದು 4ರಷ್ಟಕ್ಕೆ ಇಳಿದಿತ್ತು. ಆದರೆ ಎಚ್‌ಐವಿ ಇದ್ದವರಲ್ಲಿ ಎರಡೂ ಮದ್ದುಗಳಿಂದ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂತು. ಯಾರಿಗೆ ಸ್ಟೀರಾಯ್ಡ್ ಕೊಡಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ತೂಗಿ ನೋಡಬೇಕು. ಔಷಧದಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆ ಅದಲ್ಲ. 2018ರಲ್ಲಿ ಮಯೋಸಿ ತೀರಿಕೊಂಡರು. ಅವರು ಬಿಟ್ಟುಹೋದ ಪಾಠ ಸರಳವಾದುದು: ಇದಕ್ಕೆ ಅಡ್ಡದಾರಿ ಇಲ್ಲ. ರೋಗವನ್ನು ಬೇಗ ಗುರುತಿಸಬೇಕು, ಕ್ಷಯದ ಮದ್ದನ್ನು ಪೂರ್ತಿ ಮಾಡಬೇಕು.

ಮಕ್ಕಳ ವಿಷಯ

ಮಕ್ಕಳಲ್ಲಿಯೂ ಕ್ಷಯವಿದೆ, ಆದರೆ ಅದರೊಂದಿಗೆ ಬೇರೆ ಕಾರಣಗಳನ್ನೂ ಆಫ್ರಿಕಾದ ವೈದ್ಯರು ಕಂಡಿದ್ದಾರೆ. ನ್ಯುಮೋನಿಯಾ, ಚರ್ಮದ ಕುರು, ಮೂಳೆಯ ಸೋಂಕು ಮುಂತಾದವನ್ನು ಅಲಕ್ಷಿಸಿದಾಗ ಅಲ್ಲಿನ ರೋಗಾಣು ರಕ್ತ ಸೇರಿ ಹೃದಯದ ಹೊದಿಕೆಯಲ್ಲಿ ಕೀವು ತುಂಬಿಸುತ್ತದೆ. ಇದು ಕೆಲವೇ ದಿನಗಳಲ್ಲಿ ಮಗುವಿನ ಪ್ರಾಣ ತೆಗೆಯಬಲ್ಲದು. ಇನ್ನೊಂದು ಕಾರಣ ಕೀಲುವಾತ ಜ್ವರ. ಗಂಟಲು ನೋವಿಗೆ ಸರಿಯಾದ ಚಿಕಿತ್ಸೆ ದೊರೆಯದಿದ್ದಾಗ, ಕೆಲವು ವಾರಗಳ ಬಳಿಕ ಕೀಲುಗಳು ಬಾತು, ಹೃದಯದ ಕವಾಟಗಳಿಗೂ ಹೊದಿಕೆಗೂ ಪೆಟ್ಟು ಬೀಳುತ್ತದೆ. ಈ ಕಾರಣಗಳಾವುವೂ ನಮ್ಮ ಸೀಮೆಗೆ ಹೊಸವಲ್ಲ. ಮಗುವಿಗೆ ಜ್ವರದೊಂದಿಗೆ ವೇಗವಾದ ಉಸಿರಾಟ, ಎದೆನೋವು, ಮಲಗಲಾಗದ ಸಂಕಟ ಕಂಡರೆ ತಾಯತ ಕಟ್ಟಿ ಕಾಯುವುದಲ್ಲ, ಆಸ್ಪತ್ರೆಗೆ ಓಡಬೇಕು. ಹುಟ್ಟಿದಾಗ ಕೊಡುವ ಬಿಸಿಜಿ ಮತ್ತು ಆ ಬಳಿಕದ ಲಸಿಕೆಗಳನ್ನು ತಪ್ಪಿಸಬಾರದು. ಲಸಿಕೆಯ ವಿರುದ್ಧ ಮೊಬೈಲಿನಲ್ಲಿ ಹರಿದಾಡುವ ವದಂತಿಗಳಿಗೆ ಕಿವಿಗೊಡುವ ತಂದೆತಾಯಿಗಳು ತಮ್ಮ ಅಮಾನತಿಗೆ ದ್ರೋಹ ಬಗೆಯುತ್ತಿದ್ದಾರೆ.

ತುಮಕೂರಿನ ಹಳ್ಳಿಗಳ ಸಾಕ್ಷಿ

ಆಫ್ರಿಕಾದ ಈ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕ್ಷಯದ ಹೊರೆ ಜಗತ್ತಿನಲ್ಲೇ ಅತ್ಯಧಿಕವಾಗಿರುವ ದೇಶ ನಮ್ಮದು. ಹೃದಯದ ಹೊದಿಕೆ ಬಿಗಿದುಕೊಳ್ಳುವ ಕಾಯಿಲೆಗೆ ಭಾರತದಲ್ಲೂ ಕ್ಷಯವೇ ಮುಖ್ಯ ಕಾರಣ. ಅಷ್ಟೇ ಅಲ್ಲ, ಕ್ಷಯವನ್ನು ಮನೆಯಲ್ಲೇ ಗುಣಪಡಿಸುವ ದಾರಿ ಜಗತ್ತಿಗೆ ತೋರಿದ್ದರಲ್ಲಿ ನಮ್ಮ ನಾಡಿನ ಪಾಲೂ ಇದೆ.

1950ರ ದಶಕದವರೆಗೆ ಕ್ಷಯ ಎಂದರೆ ಊರ ಹೊರಗಿನ ಸ್ಯಾನಿಟೋರಿಯಂ ಎಂದೇ ಅರ್ಥ. ನಮ್ಮ ಹಿರಿಯರು ತಪೆದಿಕ್ ಎಂಬ ಪದವನ್ನು ಪಿಸುಮಾತಿನಲ್ಲಿ ಆಡುತ್ತಿದ್ದುದು ಆ ಕಾಲದ ಭಯದಿಂದ. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಅಧ್ಯಯನವೊಂದು ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಂನಲ್ಲೂ ಇನ್ನೊಂದಕ್ಕೆ ಇಕ್ಕಟ್ಟಾದ ಸ್ವಂತ ಮನೆಯಲ್ಲೂ ಮದ್ದು ಕೊಟ್ಟಿತು. ಗುಣವಾಗುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಮದ್ದು ತೆಗೆದುಕೊಂಡವರಿಂದ ಮನೆಮಂದಿಗೆ ಹೆಚ್ಚು ರೋಗ ಅಂಟಲೂ ಇಲ್ಲ. ರೋಗಿಯನ್ನು ದೂರ ತಳ್ಳಬೇಕಿಲ್ಲ, ಮದ್ದು ಕೊಟ್ಟರೆ ಸಾಕು ಎಂಬುದು ಅಂದೇ ಸಾಬೀತಾಗಿತ್ತು.

ಅದರ ಮುಂದಿನ ಹೆಜ್ಜೆ ಕರ್ನಾಟಕದಲ್ಲಿ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಅದರ ತಂಡಗಳು ತುಮಕೂರು ಜಿಲ್ಲೆಯ ಹಳ್ಳಿಹಳ್ಳಿಗೆ ಹೋಗಿ ಸಮೀಕ್ಷೆ ನಡೆಸಿದವು. ಹಳ್ಳಿಯ ಜನ ಅಜ್ಞಾನಿಗಳು, ತಮಗೆ ರೋಗವಿದೆಯೆಂದೇ ಅರಿಯದವರು ಎಂಬ ಭಾವನೆ ಆಗ ಬಲವಾಗಿತ್ತು. ಆದರೆ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು 1963ರಲ್ಲಿ ಪ್ರಕಟಿಸಿದ ವರದಿ ಬೇರೆಯೇ ಸತ್ಯ ಹೇಳಿತು. ಕ್ಷಯ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಸರಿಯಿಲ್ಲ ಎಂಬುದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ದವಾಖಾನೆಯ ಬಾಗಿಲು ತಟ್ಟಿಯೂ ಬಂದಿದ್ದರು. ಅವರಿಗೆ ದೊರೆತದ್ದು ಕೆಮ್ಮಿನ ಔಷಧ ಮಾತ್ರ.

ತಪ್ಪು ಜನರದಾಗಿರಲಿಲ್ಲ, ವ್ಯವಸ್ಥೆಯದಾಗಿತ್ತು. ಆ ಅರಿವಿನ ಫಲವಾಗಿ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳೊಳಗೇ ತಂದಿತು. ಇಂದು ಕಫ ಪರೀಕ್ಷೆ ಉಚಿತ, ಮದ್ದು ಉಚಿತ. ಆರು ತಿಂಗಳ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ 1000 ರೂಪಾಯಿ ರೋಗಿಯ ಖಾತೆಗೆ ಬರುವ ಯೋಜನೆಯೂ ಇದೆ.

ಈಗ ತಪ್ಪು ಯಾರದು?

1960ರಲ್ಲಿ ಜನ ಹೋದರೂ ಮದ್ದು ಸಿಗುತ್ತಿರಲಿಲ್ಲ. ಇಂದು ಮದ್ದು ಕಾದಿದೆ, ನಾವು ಹೋಗುತ್ತಿಲ್ಲ ಅಥವಾ ಅರ್ಧಕ್ಕೇ ಬಿಟ್ಟು ಬರುತ್ತಿದ್ದೇವೆ. ಹೃದಯದ ಹೊದಿಕೆಯನ್ನು ಬಿಗಿಯುವುದು ರೋಗಾಣು ನಿಜ. ಅದಕ್ಕೆ ಕಾಲಾವಕಾಶ ಕೊಡುವುದು ನಮ್ಮ ನಾಚಿಕೆ.

ಚಿಕಿತ್ಸೆ ಪಡೆಯಬಹುದೇ ಎಂದು ಮರುಭೂಮಿಯ ಅರಬರು ಕೇಳಿದಾಗ ಪ್ರವಾದಿ ಮುಹಮ್ಮದ್(ಸ)ರು ಪಡೆಯಿರಿ ಎಂದೇ ಆದೇಶಿಸಿದರು. ಮುಪ್ಪಿನ ಹೊರತು ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹನು ಇರಿಸಿಲ್ಲ ಎಂದು ತಿಳಿಸಿದರು. ಹೀಗಿರುವಾಗ ಚಿಕಿತ್ಸೆಯನ್ನು ತವಕ್ಕುಲ್‌ಗೆ ವಿರುದ್ಧವೆಂದು ಭಾವಿಸುವುದು ಸರಿಯಲ್ಲ. ದಮ್ ಮಾಡಿದ ನೀರನ್ನು ಕುಡಿಯಿರಿ, ದುಆ ಮಾಡಿರಿ, ಆದರೆ ಅದು ಮಾತ್ರೆಯ ಬದಲಿಗೆ ಅಲ್ಲ. ನಮ್ಮಂಥ ಮೌಲವಿಗಳಿಗೂ ಇಲ್ಲಿ ಹೊಣೆಯಿದೆ. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇವುಗಳೊಂದಿಗೆ ಯಾರಾದರೂ ನಮ್ಮ ಬಳಿ ಬಂದರೆ, ಅವರನ್ನು ಅಂದೇ ಕಫ ಪರೀಕ್ಷೆಗೆ ಕಳುಹಿಸುವುದು ನಮ್ಮ ಕರ್ತವ್ಯ.

ರಮಝಾನಿನಲ್ಲಿ ಮಾತ್ರೆ ಬಿಡುವವರು ಹಲವರು. ರೋಗಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿಯನ್ನು ಕುರ್‌ಆನ್ ಸೂರಾ ಅಲ್‌ಬಕರಾದಲ್ಲಿ ಸ್ಪಷ್ಟವಾಗಿ ನೀಡಿದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದು ಈಮಾನಿನ ಕೊರತೆಯಲ್ಲ. ವೈದ್ಯರನ್ನು ಕೇಳಿ ನಿರ್ಧರಿಸಿರಿ, ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸದಿರಿ.

ಮದುವೆಯ ಮಾತಿಗೆ ಬರೋಣ. ಕ್ಷಯ ವಂಶದ ಕಳಂಕವಲ್ಲ, ಶಾಪವೂ ಅಲ್ಲ. ಹೃದಯದ ಹೊದಿಕೆಗೆ ಮಾತ್ರ ತಗುಲಿದ ಕ್ಷಯ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಶ್ವಾಸಕೋಶದ ಕ್ಷಯ ಕೂಡ ಸರಿಯಾದ ಮದ್ದು ಆರಂಭಿಸಿದ ಕೆಲವು ವಾರಗಳಲ್ಲೇ ಹರಡುವ ಶಕ್ತಿ ಕಳೆದುಕೊಳ್ಳುತ್ತದೆ. ಪೂರ್ತಿ ಚಿಕಿತ್ಸೆ ಪಡೆದು ಗುಣವಾದವರು ಎಲ್ಲರಂತೆ ಸಂಸಾರ ನಡೆಸುತ್ತಾರೆ. ಬೀಗರ ಭಯಕ್ಕೆ ಮಾತ್ರೆ ಬಚ್ಚಿಡುವ ಮನೆಯಷ್ಟೇ ತಪ್ಪಿತಸ್ಥವಲ್ಲ, ಮಾತ್ರೆ ಕಂಡೊಡನೆ ಮಾತು ಮುರಿಯುವ ಬೀಗರೂ ತಪ್ಪಿತಸ್ಥರೇ. ನಾವೆಲ್ಲರೂ ಒಂದಲ್ಲ ಒಂದು ಕಡೆ ಬೀಗರಾಗಿರುತ್ತೇವೆ ಎಂಬುದನ್ನು ನೆನಪಿಡೋಣ.

ಆ ಹುಡುಗ ಈಗ ಗಾರೆ ಕೆಲಸಕ್ಕೆ ಹೋಗುತ್ತಾನೆ. ಎರಡನೆಯ ಸಲ ಮದ್ದನ್ನು ಒಂದು ದಿನವೂ ಬಿಡದೆ ಮುಗಿಸಿದ. ಅವನ ತಾಯಿ ಮಾತ್ರೆಯ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಪಡಸಾಲೆಯ ಗೂಡಿನಲ್ಲೇ ಇಟ್ಟಿದ್ದರು. ಅಕ್ಕನ ನಿಕಾಹ್ ಕೂಡ ನಡೆಯಿತು. ವಿಷಯ ತಿಳಿದೂ ಒಪ್ಪಿದ ಮನೆ ಅದು.

ಅಲ್ಲಾಹನು ನಮ್ಮ ರೋಗಿಗಳಿಗೆ ಪೂರ್ಣ ಶಿಫಾ ನೀಡಲಿ, ನಮ್ಮ ನಾಲಗೆಗಳಿಗೆ ಸತ್ಯ ಹೇಳುವ ಧೈರ್ಯವನ್ನೂ ಹೃದಯಗಳಿಗೆ ಕರುಣೆಯನ್ನೂ ದಯಪಾಲಿಸಲಿ. ಆಮೀನ್.